ತೊಲೆಯ ತುದಿ ಗ್ಯಾಲರಿಯಲ್ಲಿದೆ

ನೀವು ಗೋಡೆ ಕೊಯ್ದಿರಿ. ಆ ಗೋಡೆಯ ಮೇಲೆ ಅಟ್ಟವಿತ್ತು, ಅಟ್ಟದ ತುಂಬ ತೆಂಗಿನಕಾಯಿ ಇತ್ತು, ಅಟ್ಟದ ಕೆಳಗೆ ನನ್ನ ಅವ್ವನೂ ಅವಳ ಜೊತೆಯ ಹೆಂಗಸರೂ ಕೂತು ಕೊಬ್ಬರಿ ಬಿಡಿಸುತ್ತಿದ್ದರು. ಇದು ನಿಮಗೆ ಗೊತ್ತಿತ್ತು. ಕೊಯ್ಯುವ ಯಂತ್ರ ಬಂದ ಹೊತ್ತಿಗೆ ಅವರನ್ನು ಅಂಗಳಕ್ಕೆ ಎಬ್ಬಿಸಿ, ಯಂತ್ರ ಹೋದ ಮೇಲೆ ಮತ್ತೆ ಒಳಗೆ ಕಳಿಸಿದವರು ನೀವೇ. ಆದ್ದರಿಂದ ತಿಳಿಯದೆ ಆದ ಪ್ರಮಾದ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ರಾಜಧಾನಿಯ ಗ್ಯಾಲರಿಯ ನಿರ್ದೇಶಕರೇ, ಗೋದಾಮಿನ ಸಾಹುಕಾರರೇ, ಕಟ್ಟಡಗಳ ಮೇಲೆ ಕಣ್ಣಿಡಬೇಕಾದ ಪಟ್ಟಣದ ಅಧಿಕಾರಿಗಳೇ, ನಿಮ್ಮ ಮೂವರ ಮೇಲೂ ನನ್ನ ಆರೋಪವಿದೆ. ಗೋಡೆಯ ಮೇಲಿದ್ದ ಚಿತ್ರ ನನ್ನದು. ಅದಕ್ಕಾಗಿಯೇ ಈ ಹೆದರಿಕೆಯೂ ಮೊದಲು ನನ್ನ ಪಾಲಿಗೆ ಬಂದಿದೆ.

ನಾನು ಶೆಟ್ಟಿಕೆರೆಯ ಕಡೆಯವಳು. ಅವ್ವ ಬೆಳಗಿನ ಬಸ್ಸಿಗೆ ತಿಪಟೂರಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುತ್ತಿದ್ದಳು. ಶಾಲೆಗೆ ರಜೆಯಿದ್ದ ದಿನ ನನ್ನನ್ನೂ ಗೋದಾಮಿಗೆ ಕರೆದೊಯ್ಯುತ್ತಿದ್ದಳು. ನಮ್ಮ ಕಡೆ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿ ವರ್ಷದ ಹತ್ತಿರ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಕರಟದಿಂದ ಕಳಚಿಕೊಳ್ಳಬೇಕು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಉಂಡೆ ಒಳಗೇ ಗುಡುಗುಡು ಅನ್ನಬೇಕು. ಅಲ್ಲಿಯ ತನಕ ಯಾರೂ ಅದನ್ನು ಮುಟ್ಟುವುದಿಲ್ಲ. ನಡುವೆ ಇಳಿಸಿದರೆ ಅದು ಅಡುಗೆಗೂ ಆಗದು, ಕೊಬ್ಬರಿಯೂ ಆಗದು. ಕಾಲ ತುಂಬಿದ ಮೇಲೆ ಇಳಿಸಿ, ಸುಲಿದು, ಕರಟ ಒಡೆದು, ಉಂಡೆ ಸೀಳದ ಹಾಗೆ ಹೊರಗೆ ತೆಗೆಯುವುದು ಅವ್ವ ಮತ್ತು ಅವಳ ಗೆಳತಿಯರ ಕೆಲಸ.

ಅಟ್ಟದ ನೆಲವೆಂದರೆ ಗಾಳಿಯಾಡಲೆಂದು ಸಂದು ಬಿಟ್ಟು ಜೋಡಿಸಿದ ಮರದ ಪಟ್ಟಿಗಳು. ಮಧ್ಯಾಹ್ನ ಗೋಣಿಚೀಲದ ಮೇಲೆ ಮಲಗಿದರೆ ಆ ಸಂದುಗಳಿಂದ ಕಾಯಿಗಳು ತಲೆಗಳ ಹಾಗೆ ಒತ್ತೊತ್ತಾಗಿ ಕೆಳಗೆ ಇಣುಕುತ್ತಿದ್ದವು. ನನಗೆ ನಿದ್ದೆ ಹತ್ತುತ್ತಿರಲಿಲ್ಲ.

"ಅವು ನನ್ನೇ ನೋಡ್ತಾವೆ," ಎಂದು ಅವ್ವನಿಗೆ ದೂರು ಹೇಳಿದ್ದು ನೆನಪಿದೆ.

"ಅವು ನಿದ್ದೆ ಮಾಡ್ತಾವೆ ಕಣೇ. ನೀನೂ ಸುಮ್ಕೆ ಮಲ್ಕೋ," ಎಂದಳು ಅವ್ವ.

ಕರಟ ಸುಟ್ಟ ಇದ್ದಿಲಿನಿಂದ ನಾನು ಮೊದಲ ಗೆರೆ ಎಳೆದದ್ದು ಆ ಗೋಡೆಯ ಬುಡದಲ್ಲಿಯೇ. ಕಣ್ಣು ಮುಚ್ಚಿದ ಕಾಯಿಗಳನ್ನು ಬರೆದಿದ್ದೆ. ಅವು ನಿಜಕ್ಕೂ ನಿದ್ದೆ ಮಾಡುತ್ತಿವೆ ಎಂದು ನನ್ನನ್ನು ನಾನೇ ನಂಬಿಸಿಕೊಳ್ಳಬೇಕಿತ್ತು.

ಮುಂದೆ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದಿದೆ. ತರಗತಿಯಲ್ಲಿ ಕ್ಯಾನ್ವಾಸಿಗೆ ಎಣ್ಣೆಬಣ್ಣ ಹಚ್ಚುವುದನ್ನು ಕಲಿಸಿದರು. ತರಗತಿಯ ಹೊರಗೆ, ಬೆಳಗಿನ ಮಬ್ಬು ಹರಿಯುವ ಮೊದಲು, ರೈಲ್ವೆ ಕೆಳಸೇತುವೆಗಳಿಗೆ ಸ್ಪ್ರೇ ಡಬ್ಬಿ ಹಿಡಿದು ಹೋಗುವುದನ್ನು ಗೆಳೆಯರು ಕಲಿಸಿದರು. ಯಾರಾದರೂ ಬಂದಾರೆಂಬ ಭಯದಲ್ಲಿ ಎಳೆದ ಗೆರೆಗೆ ಒಂದು ಬಿಗಿ ಇರುತ್ತದೆ. ಅದು ಸ್ಟುಡಿಯೋದಲ್ಲಿ ಸಿಗುವುದಿಲ್ಲವೆಂದು ನನಗೆ ಬೇಗ ತಿಳಿಯಿತು. ಆ ಭಯ ಹಗುರವಾದದ್ದು, ಓಡಿದರೆ ಮುಗಿಯುತ್ತಿತ್ತು. ಈಗಿನದು ಹಾಗಲ್ಲ, ಏಕೆಂದರೆ ನಾನು ಓಡಿ ಪ್ರಯೋಜನವಿಲ್ಲ.

ಓದು ಮುಗಿಸಿ ಊರಿಗೆ ಬಂದ ವರ್ಷ ಗೋದಾಮಿನ ರಸ್ತೆಬದಿಯ ಗೋಡೆಯನ್ನು ಕೇಳಿದೆ. ಸಾಹುಕಾರರು ಕೂಡಲೇ ಒಪ್ಪಿದರು.

"ಬರಿ ಕಣಮ್ಮ. ಪೋಸ್ಟರ್ ಅಂಟ್ಸೋರ ಕಾಟನಾದ್ರೂ ತಪ್ತದೆ."

ಹಳೆಯ ಕಾಲದ ಮಣ್ಣಿನ ದಪ್ಪ ಗೋಡೆ ಅದು. ಅಟ್ಟವನ್ನು ಹೊತ್ತ ನಡುತೊಲೆಯ ತುದಿ ಗೋಡೆಯನ್ನು ದಾಟಿ ಹೊರಗೆ ಒಂದು ಗೇಣು ಚಾಚಿಕೊಂಡಿತ್ತು. ಮೂಲೆಗಳು ಸವೆದು, ಬಿಸಿಲಿಗೆ ಕಪ್ಪಾಗಿ, ದುಂಡಗಾಗಿತ್ತು. ಅದನ್ನು ಮುಚ್ಚುವ ಮನಸ್ಸಾಗಲಿಲ್ಲ. ಸುಣ್ಣ, ಕೆಮ್ಮಣ್ಣು, ಕರಟದ ಇದ್ದಿಲು, ಹೊರಗೆರೆಗೆ ಸ್ಪ್ರೇ ಬಣ್ಣ, ಇಷ್ಟರಲ್ಲಿ ಸಾಲಾಗಿ ಕೂತ ಹೆಂಗಸರನ್ನು ಬರೆದೆ. ಅವರ ಮೇಲೆ ಕಣ್ಣು ಮುಚ್ಚಿದ ಕಾಯಿಗಳ ಅಟ್ಟ. ನಡುವೆ ಬೆನ್ನು ತಿರುಗಿಸಿ ಕೂತ ಅವ್ವ. ಗೋಡೆಯಿಂದ ಚಾಚಿದ ಆ ತೊಲೆಯ ತುದಿಯೇ ಅವಳ ತುರುಬು. ದೂರದಿಂದ ನೋಡಿದವರಿಗೆ ಅವ್ವ ಈಗ ಕತ್ತು ತಿರುಗಿಸುತ್ತಾಳೆ ಅನ್ನಿಸುತ್ತಿತ್ತು.

ಅವ್ವನಿಗೆ ಮಾತ್ರ ಸಮಾಧಾನವಿರಲಿಲ್ಲ. "ಮುಖ ಬರೆಯಕ್ಕೆ ಬಾರ್ದೆ ಬೆನ್ನು ಬರ್ದವ್ಳೆ," ಎಂದು ಗೆಳತಿಯರ ಮುಂದೆ ಹೇಳಿದಳಂತೆ.

ಗೋಡೆಯ ಫೋಟೋಗಳು ಹರಿದಾಡಿದವು. ಬೇರೆ ಊರುಗಳಿಂದ ಗೋಡೆ ಬರೆಯಲು ಕರೆ ಬಂತು. ಆಮೇಲೆ ಗ್ಯಾಲರಿಯ ನಿರ್ದೇಶಕರು ಬಂದರು. ಅವರು ಹೇಳಿದ್ದಕ್ಕೆ ಗೋಣಿಬಟ್ಟೆಯ ಮೇಲೆ ಅದೇ ಇದ್ದಿಲು, ಅದೇ ಕೆಮ್ಮಣ್ಣಿನಲ್ಲಿ ಚಿತ್ರ ಬರೆದೆ. ಗ್ಯಾಲರಿಯ ಬಿಳಿ ಗೋಡೆಯ ಮೇಲೆ, ಮೆತ್ತನೆಯ ಬೆಳಕಿನಲ್ಲಿ ಅವುಗಳನ್ನು ತೂಗುಹಾಕಿದರು. ನನಗೆ ಅದು ಇಷ್ಟವಾಯಿತು. ರಸ್ತೆಯ ಧೂಳಿನಲ್ಲಿ ಯಾರೂ ನಿಂತು ನೋಡದ ಒಂದು ಸಣ್ಣ ಗೆರೆಯ ಮುಂದೆ ಅಪರಿಚಿತರು ಕೈಕಟ್ಟಿ ನಿಲ್ಲುತ್ತಿದ್ದರು. ಬೀದಿಯಿಂದ ಬಂದವಳಿಗೆ ಒಳಗೆ ಜಾಗವಿದೆ ಎಂದು ನಂಬಲು ಅಷ್ಟು ಸಾಕಾಯಿತು.

ಆದರೆ ನಿರ್ದೇಶಕರಿಗೆ ಬೇಕಾಗಿದ್ದದ್ದು ಆ ಗೋದಾಮಿನ ಗೋಡೆಯೇ. ಗೋಡೆ ಇರುವಲ್ಲೇ ಇರಲಿ, ಅದು ಆ ಹೆಂಗಸರದ್ದು ಎಂದೆ.

ನಿರ್ದೇಶಕರು ನಕ್ಕರು. "ಅದು ಸಾಹುಕಾರರದ್ದು ಅಂತ ನಾನು ತಿಳಿದಿದ್ದೆ," ಎಂದರು.

ನಾನು ಬೇರೆ ರಾಜ್ಯದ ಒಂದು ಕಾಲೇಜಿನ ಗೋಡೆ ಬರೆಯುತ್ತಿದ್ದಾಗ ಅವ್ವ ಫೋನ್ ಮಾಡಿದಳು.

"ನಿನ್ನ ಚಿತ್ರ ಹೋಯ್ತು ಕಣೇ. ಸಾವ್ಕಾರ್ರು ಮಾರವ್ರಂತೆ. ಬೆಂಗ್ಳೂರಿನೋರು ಬಂದು ಕಬ್ಬಿಣದ ಚೌಕಟ್ಟು ಕಟ್ಟಿ, ಗೋಡೆನೇ ಕೊಯ್ಕಂಡು ಲಾರಿಗೆ ಹಾಕ್ಕಂಡೋದ್ರು. ಈಗ ಅಲ್ಲೊಂದು ಬಾಗ್ಲು ಆದಂಗೆ ಆಗೈತೆ. ಗಾಳಿ ಚೆನ್ನಾಗಿ ಬತ್ತೈತೆ ಬುಡು."

ಹಿಂದೆ ಯಾರೋ ನಗುವುದು ಕೇಳಿತು. "ನಿನ್ನ ಮಗ್ಳು ನಿನ್ನನ್ನ ಲಾರಿ ಹತ್ತಿಸ್ಬುಟ್ಲು, ನೀನಿನ್ನೂ ಇಲ್ಲೇ ಕೂತಿದ್ದೀಯ," ಎಂದು ಗೆಳತಿಯೊಬ್ಬಳು ಅವ್ವನನ್ನು ಕಿಚಾಯಿಸುತ್ತಿದ್ದಳು.

ನಾನು ಸಿಟ್ಟಾದೆ, ಅಷ್ಟೆ. ಹೆದರಿಕೆ ಇನ್ನೂ ಹತ್ತಿರ ಬಂದಿರಲಿಲ್ಲ. ಜಗಳ ಆಡಬೇಕೆಂದೇ ನೇರವಾಗಿ ಗ್ಯಾಲರಿಗೆ ಹೋದೆ.

ನನ್ನ ಗೋಡೆ ಒಂದು ಇಡೀ ಕೋಣೆಯಲ್ಲಿ ಒಂಟಿಯಾಗಿ ನಿಂತಿತ್ತು. ಅಂಚುಗಳಲ್ಲಿ ಮಣ್ಣು, ಹುಲ್ಲು, ಮುರಿದ ಹೆಂಚಿನ ಚೂರು ಕಾಣುವಂತೆ ಹಾಗೆಯೇ ಬಿಟ್ಟಿದ್ದರು. ಅವ್ವನ ತುರುಬಿನ ಮೇಲೆ ಪ್ರತ್ಯೇಕವಾಗಿ ಒಂದು ದೀಪ.

"ಆ ಮರದ ತುಂಡು ಇರದಿದ್ದರೆ ಇದು ಬರೀ ಚಿತ್ರ," ಎಂದರು ನಿರ್ದೇಶಕರು. "ಅದರಿಂದಲೇ ಇದು ಶಿಲ್ಪವೂ ಆಗಿದೆ. ನಿಮ್ಮದೇ ಕೃತಿ ಎಂಬ ಪತ್ರಕ್ಕೆ ಒಂದು ಸಹಿ ಹಾಕಿಬಿಡಿ. ಸಹಿ ಇಲ್ಲದೆ ಯಾವ ಸಂಗ್ರಹಾಲಯವೂ ಇದನ್ನು ಮುಟ್ಟುವುದಿಲ್ಲ."

ನಾನು ಗೋಡೆಯ ಹಿಂಬದಿಗೆ ಹೋದೆ. ಅಲ್ಲಿ ತೊಲೆಯ ಕೊಯ್ದ ಮುಖ ಕಾಣುತ್ತಿತ್ತು. ಹೊರಮೈ ಕಪ್ಪು, ಒಳಗೆ ಎಳೆ ಹಳದಿ, ಇನ್ನೂ ಮರದ ಪುಡಿ ಅಂಟಿಕೊಂಡಿತ್ತು. ನಾನು ಅದರ ಮೇಲೆ ಅಂಗೈ ಇಟ್ಟೆ. ಗೋಡೆಯೊಳಗೆ ಕೂತು ಅಟ್ಟವನ್ನು ಹೊರಬೇಕಾಗಿದ್ದ ತೊಲೆಯ ತುದಿ ಇಲ್ಲಿದೆ. ಅದು ಕೂತಿದ್ದ ಗೋಡೆಯೂ ಇಲ್ಲಿದೆ. ಹಾಗಾದರೆ ತಿಪಟೂರಿನಲ್ಲಿ ಉಳಿದ ತೊಲೆ ಯಾವುದರ ಮೇಲೆ ನಿಂತಿದೆ?

ಚಿಕ್ಕಂದಿನಲ್ಲಿ ಮಲಗಿದ್ದ ಗೋಣಿಚೀಲದಿಂದ ಮೇಲೆ ನೋಡಿದಂತೆ ಆ ಕೋಣೆಯ ಬಿಳಿ ಸೂರನ್ನು ನೋಡಿದೆ. ಅಲ್ಲೇ ನಿಂತು ಅವ್ವನಿಗೆ ಫೋನ್ ಮಾಡಿದೆ.

"ಊಟಕ್ಕೆ ಕೂತಿದ್ದೀವಿ ಕಣೇ."

"ಎಲ್ಲಿ ಕೂತಿದ್ದೀರ?"

"ಇನ್ನೆಲ್ಲಿ? ನಮ್ಮ ಜಾಗದಾಗೆ."

"ಅವ್ವ, ಎದ್ದು ಹೊರಗೆ ಬಾ. ಎಲ್ಲರನ್ನೂ ಎಬ್ಬಿಸು."

"ಮುದ್ದೆ ಮುರಿದು ಕೈಯಾಗೆ ಹಿಡ್ದಿದ್ದೀನಿ. ಬಿಸ್ಲು ಬೇರೆ. ಏನಾಯ್ತು ನಿಂಗೆ?"

ನನ್ನ ದನಿಯಲ್ಲಿ ಏನಿತ್ತೋ, ಅವಳು ಎದ್ದಳು. ತಟ್ಟೆ ಹಿಡಿದೇ ಹೊರಗೆ ಬಂದಳೆಂದು ಆಮೇಲೆ ಹೇಳಿದಳು. ಪತ್ರಕ್ಕೆ ಸಹಿ ಹಾಕದೆ ನಾನು ತಿಪಟೂರಿನ ರೈಲು ಹತ್ತಿದೆ. ದಾರಿಯುದ್ದಕ್ಕೂ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅದು ಅದುರಿದರೆ ಎತ್ತುವ ಧೈರ್ಯ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಗೋದಾಮಿಗೆ ಹೋಗುವಷ್ಟರಲ್ಲಿ ಹೆಂಗಸರೆಲ್ಲ ಮತ್ತೆ ಒಳಗೆ ಕೂತಿದ್ದರು, ಅವ್ವನೂ. ಗೋಡೆಯಿದ್ದ ಕಡೆ ರಸ್ತೆ ಕಾಣುತ್ತಿತ್ತು. ಮೊಟಕಾದ ತೊಲೆಯ ಕೆಳಗೆ ತೆಂಗಿನ ಬೊಡ್ಡೆಯ ಎರಡು ತುಂಡುಗಳನ್ನು ಆಸರೆಗೆಂದು ಊತು ಕೊಟ್ಟು, ಅವುಗಳ ಬುಡಕ್ಕೆ ಚಪ್ಪಡಿ ಚೂರುಗಳನ್ನು ತುರುಕಿದ್ದರು. ಉಳಿದ ಗೋಡೆಯಲ್ಲಿ, ಕೊಯ್ದ ಮೂಲೆಯಿಂದ ಸೂರಿನ ಕಡೆಗೆ ಒಂದು ಬಿರುಕು ಹೊರಟಿತ್ತು. ನಾನು ನೆಲದಿಂದ ಇದ್ದಿಲಿನ ಚೂರೊಂದನ್ನು ಎತ್ತಿಕೊಂಡು ಬಿರುಕಿಗೆ ಅಡ್ಡಲಾಗಿ ಒಂದು ನೇರ ಗೆರೆ ಎಳೆದೆ. ಗೋಡೆ ಅಲುಗದಿದ್ದರೆ ಗೆರೆ ಒಂದಾಗಿಯೇ ಇರಬೇಕು.

ಆಗ ತಲೆಯ ಮೇಲೆ ಒಂದು ಕಾಯಿ ಉರುಳಿತು. ಗುಡುಗುಡು ಎಂದು ರಸ್ತೆಯ ಕಡೆಗೆ ಬಂದು, ಯಾವುದಕ್ಕೋ ಬಡಿದು ನಿಂತಿತು.

"ಇಲಿ ಕಣವ್ವ," ಎಂದಳು ಮೂಲೆಯಲ್ಲಿ ಕೂತಿದ್ದವಳು.

"ಸಿಪ್ಪೆಕಾಯಿ ಉರುಳ್ಸೋ ಇಲಿ ಅಂದ್ರೆ ನಿನ್ನ ಗಂಡನಷ್ಟಿರಬೇಕು," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

ಇನ್ನೊಂದು ಕಾಯಿ ಉರುಳಿತು, ಅದೇ ಕಡೆಗೆ. ಈ ಸಲ ಯಾರೂ ನಗಲಿಲ್ಲ. ಅಟ್ಟದ ಮೇಲಿನ ಕಾಯಿ ತಾನಾಗಿ ಉರುಳುವುದಿಲ್ಲ. ಕೆಳಗಿನ ಪಟ್ಟಿ ವಾಲಿದರೆ ಮಾತ್ರ ಉರುಳುತ್ತದೆ. ಅವ್ವ ಕೈಯಲ್ಲಿದ್ದ ಕರಟವನ್ನು ಕೆಳಗಿಟ್ಟು ಮೇಲೆ ನೋಡಿದಳು. ನಾನು ಹುಟ್ಟಿದಾಗಿನಿಂದ ಅವಳು ಆ ಅಟ್ಟದ ಕೆಳಗೆ ಕೂತಿದ್ದಾಳೆ. ಅವಳು ಹಾಗೆ ಮೇಲೆ ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಸಾಹುಕಾರರ ಹತ್ತಿರ ಹೋದೆ. ಅವರು ಅದೇ ಅಟ್ಟದ ಇನ್ನೊಂದು ಕೊನೆಯ ಕೆಳಗೆ ಮಂಚ ಹಾಕಿಕೊಂಡು ಎಲೆಯಡಿಕೆ ಹಾಕುತ್ತಿದ್ದರು.

"ಸಾಹುಕಾರ್ರೇ, ಕಾಯಿ ಇಳಿಸಿ. ತೊಲೆ ನಿಂತಿಲ್ಲ," ಎಂದೆ.

"ಊತು ಕೊಟ್ಟಿದ್ದೀನಲ್ಲಮ್ಮ. ಅರೆ ಒಣಗಿದ ಕಾಯಿ ಇಳಿಸಿದ್ರೆ ಏನು ಮಾಡ್ಲಿ, ಸಾರಿಗೆ ಹಾಕ್ಲಾ?" ಅವರು ತಾಳ್ಮೆಯಿಂದಲೇ ವಿವರಿಸಿದರು. "ಕಾಯಿ ದಿನಾ ಒಂದಿಷ್ಟು ನೀರು ಕಳ್ಕಂತಾವೆ. ಏರಿಸ್ದಾಗಿನ ಭಾರ ಈಗಿಲ್ಲ, ಈಗಿನದು ಮುಂದಿನ ತಿಂಗಳಿರಲ್ಲ. ಅಟ್ಟ ಬೀಳೋದಾಗಿದ್ರೆ ಮೊದ್ಲೇ ಬೀಳ್ತಿತ್ತು. ಇನ್ನು ದಿನದಿನಕ್ಕೂ ಹಗುರಾಗ್ತದೆ ಕಣಮ್ಮ. ಸುಮ್ನಿದ್ರೆ ತಾನೇ ಸರಿಹೋಗ್ತದೆ."

ಅವರು ಸುಳ್ಳು ಹೇಳುತ್ತಿರಲಿಲ್ಲ. ನನ್ನನ್ನು ಹೆಚ್ಚು ಹೆದರಿಸಿದ್ದು ಅದೇ. ಕಾಯುವುದೇ ಕಸುಬಾದ ನಾಡು ನಮ್ಮದು. ಕಾಯಿಗೆ ಒಪ್ಪುವ ಆ ನ್ಯಾಯವನ್ನು ಅವರು ತೊಲೆಗೂ ಹಚ್ಚಿದ್ದರು. ಅವರ ಬೆನ್ನ ಹಿಂದೆ ಟ್ರ್ಯಾಕ್ಟರಿನಿಂದ ಕಾಯಿ ಇಳಿಯುತ್ತಿತ್ತು. ಆಗಷ್ಟೇ ಕೆಡವಿದ, ನೀರು ತುಂಬಿದ ಹಸಿಕಾಯಿ.

"ಇದೆಲ್ಲಿಗೆ?" ಎಂದು ಕೇಳಿದೆ.

"ಹಿಂದಿನ ಅಂಕಣದ್ದು ಒಣಗಿ ಇಳೀತು. ಜಾಗ ಖಾಲಿ ಬಿಡಕ್ಕಾಯ್ತದಾ?"

ಅಟ್ಟದ ಹಿಂಭಾಗವಾದ ಆ ಅಂಕಣದ ಭಾರವೂ ಅದೇ ನಡುತೊಲೆಯ ಮೇಲೆಯೇ ಬೀಳುತ್ತದೆ. ಒಂದು ಕಡೆ ಹಗುರಾದದ್ದನ್ನು ಇನ್ನೊಂದು ಕಡೆ ತುಂಬುತ್ತಿದ್ದಾರೆ. ಅದನ್ನು ಅವರಿಗೆ ಹೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿ, "ನೀನು ಚಿತ್ರ ಬರಿಯೋಳು ಮಗಾ," ಎಂದರು.

ಪಟ್ಟಣದ ಕಚೇರಿಗೆ ಹೋದೆ. ಮೇಜಿನ ಆಚೆ ಕೂತವರು ನನ್ನ ಮಾತನ್ನು ಪೂರ್ತಿ ಕೇಳಿದರು.

"ಬಿದ್ದಿದೆಯೇನಮ್ಮ?"

"ಇಲ್ಲ ಸರ್."

"ಯಾರಿಗಾದ್ರೂ ಏಟಾಗಿದೆಯಾ?"

"ಇಲ್ಲ."

"ಮತ್ತೆ ನಾನು ಏನಂತ ಬರ್ಕೊಳ್ಲಿ? ಸ್ವಂತ ಕಟ್ಟಡ. ಅವರೇ ಕೊಯ್ಸಿದ್ದಾರೆ."

ಗ್ಯಾಲರಿಗೆ ಫೋನ್ ಮಾಡಿ ನನಗೆ ತುಂಬ ಭಯವಾಗುತ್ತಿದೆ ಎಂದೆ. "ಹೆದರಬೇಡಿ. ಕೃತಿ ಸುರಕ್ಷಿತವಾಗಿದೆ. ಅದಕ್ಕೆ ವಿಮೆ ಮಾಡಿಸಿದ್ದೇವೆ," ಎಂದರು ನಿರ್ದೇಶಕರು. ನಾನು ಯಾವುದರ ಬಗ್ಗೆ ಹೆದರಿದ್ದೇನೆಂದು ಬಿಡಿಸಿ ಹೇಳಿದ ಮೇಲೆ, ಕಟ್ಟಡದ ಹೊಣೆ ಕಟ್ಟಡದ ಒಡೆಯರದ್ದು ಎಂದು ಅಷ್ಟೇ ನಯವಾಗಿ ಹೇಳಿದರು.

ಮರಳಿ ಬಂದು ನೋಡುವಾಗ ನನ್ನ ಇದ್ದಿಲಿನ ಗೆರೆ ಎರಡಾಗಿತ್ತು. ಬಲಗಡೆಯ ತುಂಡು ಎಡಗಡೆಯದಕ್ಕಿಂತ ಕೆಳಗಿತ್ತು. ಎಷ್ಟು ಎಂದರೆ, ಒಂದು ಬೆರಳಿನ ಉಗುರಿನಷ್ಟೂ ಇಲ್ಲ. ನಾನು ಇಷ್ಟು ವರ್ಷ ಗೆರೆಗಳನ್ನೇ ನೋಡಿ ಬದುಕಿದವಳು. ಒಂದು ಗೆರೆಗೆ ನಾನು ಹೆದರಿದ್ದು ಅಂದೇ ಮೊದಲು. ಅವ್ವನನ್ನು ಕರೆದು ತೋರಿಸಿದೆ. ಅವಳು ಎರಡು ತುಂಡುಗಳ ನಡುವೆ ಉಗುರು ಆಡಿಸಿ ನೋಡಿದಳು. ಒಳಗೆ ಹೋಗಿ ತನ್ನ ಗೋಣಿಚೀಲ ಮಡಚಿದಳು.

"ಎಲ್ಲಿಗೇ?" ಎಂದಳು ಗೆಳತಿ.

"ಅಂಗಳಕ್ಕೆ. ನೀನೂ ಏಳು."

"ಸಾವ್ಕಾರ್ರು ಏನಂತಾರೋ."

"ಅವ್ರು ಅನ್ನೋದನ್ನ ಹೊರಗೆ ಕೂತೇ ಕೇಳಾನ ಬಾ."

ಅವರು ತೆಂಗಿನಗರಿ ಹೊದಿಸಿದ ಚಪ್ಪರದ ಕೆಳಗೆ ಕೂತರು. ನಾನು ಸ್ಪ್ರೇ ಡಬ್ಬಿ ತಂದೆ. ಉಳಿದ ಗೋಡೆಯ ಮೇಲೆ, ಕೊಯ್ದ ಅಂಚಿನಿಂದ ಆರಂಭಿಸಿ, ಈಗ ಅಲ್ಲಿಲ್ಲದ ತೊಲೆತುದಿಯ ಆಕಾರವನ್ನು ಕೆಂಪಿನಲ್ಲಿ ಬರೆದು ಪಕ್ಕದಲ್ಲಿ ದೊಡ್ಡ ಅಕ್ಷರಗಳನ್ನು ಬರೆದೆ: ಈ ತೊಲೆಗೆ ಆಸರೆಯಿಲ್ಲ. ಕೆಳಗೆ ಕೂರಬೇಡಿ. ಬರೆಯುವಾಗ ಕೈ ನಡುಗಿ ಅಕ್ಷರಗಳು ಸೊಟ್ಟಗಾದವು. ಬಸ್ಸಿನವರು ನಿಧಾನ ಮಾಡಿ ಓದಿಕೊಂಡು ಹೋದರು. ಸಂಜೆಗೆ ಸಾಹುಕಾರರು ಅದರ ಮೇಲೆ ಸುಣ್ಣ ಹೊಡೆಸಿದರು.

ಸುಣ್ಣ ಬೀಳುವ ಮೊದಲು ಯಾರೋ ತೆಗೆದ ಫೋಟೋ ಗ್ಯಾಲರಿ ತಲುಪಿತ್ತು. ನಿರ್ದೇಶಕರ ಸಂದೇಶ ಬಂತು. ಅಕ್ಷರಗಳಲ್ಲಿ ಅಪರೂಪದ ಕಂಪನವಿದೆ ಎಂದಿದ್ದರು. ಸುಣ್ಣವನ್ನು ಕೆರೆದು ತೆಗೆಯುವ ತಜ್ಞರು ತಮ್ಮಲ್ಲಿದ್ದಾರಂತೆ. ಈ ಭಾಗವನ್ನೂ ಕೊಯ್ದು ತಂದು ಮೊದಲನೆಯದರ ಪಕ್ಕ ನಿಲ್ಲಿಸಬಹುದೇ ಎಂದು ಕೇಳಿದ್ದರು.

ಅದನ್ನು ನಾನು ಅಂಗಳದಲ್ಲಿ ನಿಂತು ಓದಿದೆ. ಚಪ್ಪರದ ಕೆಳಗೆ ಹೆಂಗಸರು ಕರಟ ಒಡೆಯುವ ಸದ್ದು ಬರುತ್ತಿತ್ತು. ಆದರೆ ಒಡೆಯುವ ಕಾಯಿ ಇನ್ನೂ ಒಳಗಿನಿಂದಲೇ ಬರಬೇಕು. ಅದನ್ನು ತರಲು ಅವರು ಸರದಿಯ ಮೇಲೆ ಅಟ್ಟದ ಕೆಳಗೆ ಹೋಗಿ ಬುಟ್ಟಿ ತುಂಬಿಕೊಂಡು ಓಡಿ ಬರುತ್ತಾರೆ. ಓಡುವುದನ್ನು ಆಟ ಮಾಡಿಕೊಂಡಿದ್ದಾರೆ. ಹಿಂದುಳಿದವಳನ್ನು ಕೂಗಿ ನಗುತ್ತಾರೆ. ಅವ್ವನ ಸರದಿ ಬಂದಾಗ ನಾನು ಹೋಗುತ್ತೇನೆಂದರೆ ಅವಳು ಬಿಡುವುದಿಲ್ಲ. ಅವಳು ಹೊರಗೆ ಬರುವ ತನಕ ನಾನು ತೊಲೆಯಿಂದ ಕಣ್ಣು ತೆಗೆಯುವುದಿಲ್ಲ. ಮಳೆ ಶುರುವಾದರೆ ಗರಿಯ ಚಪ್ಪರ ಸೋರುತ್ತದೆ, ಎಲ್ಲರೂ ಒಳಗೆ ಕೂರಬೇಕಾಗುತ್ತದೆ ಎಂದು ಸಾಹುಕಾರರು ಆಗಲೇ ಹೇಳಿದ್ದಾರೆ. ಮಳೆಗೆ ಮಣ್ಣಿನ ಗೋಡೆ ಏನಾಗುತ್ತದೆ ಎಂದು ಅವರು ಹೇಳಲಿಲ್ಲ.

ಆದ್ದರಿಂದ ಈ ಬರಹವನ್ನು ಓದುಗರೆಲ್ಲರ ಸಾಕ್ಷಿಯಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಸಾಹುಕಾರರೇ, ಹಸಿಕಾಯಿ ಏರಿಸುವುದನ್ನು ಇಂದೇ ನಿಲ್ಲಿಸಬೇಕು. ಅಟ್ಟವನ್ನು ಪೂರ್ತಿ ಬರಿದು ಮಾಡಬೇಕು, ಕಾಯಿ ಒಣಗಿರಲಿ ಬಿಡಲಿ. ಇಳಿಸುವವರು ಕೆಳಗಿನಿಂದ ಏರದೆ, ಹಿಂಬದಿಯಿಂದ ಸುರಕ್ಷಿತವಾಗಿ ಇಳಿಸುವ ವ್ಯವಸ್ಥೆಯಾಗಬೇಕು. ಅಲ್ಲಿಯ ತನಕ ಯಾವ ಹೆಂಗಸನ್ನೂ ಒಂದು ಬುಟ್ಟಿಗಾಗಿಯೂ ಒಳಗೆ ಕಳಿಸಬಾರದು. ಹೊರಗೆ ಕೂತ ಕಾರಣಕ್ಕೆ ಯಾರ ಕೆಲಸವೂ ಹೋಗಬಾರದು. ಪಟ್ಟಣದ ಅಧಿಕಾರಿಗಳು, ಬೀಳುವ ಮೊದಲೇ, ಬಲ್ಲ ಎಂಜಿನಿಯರನ್ನು ಕರೆತಂದು ತೊಲೆಯನ್ನು ಪರೀಕ್ಷಿಸಿ, ಕಂಡದ್ದನ್ನು ಗೋದಾಮಿನ ಬಾಗಿಲಲ್ಲಿ ಎಲ್ಲರೂ ಓದುವಂತೆ ಅಂಟಿಸಬೇಕೆಂದು ಕೋರುತ್ತೇನೆ.

ಗ್ಯಾಲರಿಯ ನಿರ್ದೇಶಕರೇ, ನೀವು ಕೊಯ್ದ ಗೋಡೆಯ ಜಾಗದಲ್ಲಿ ಭಾರ ಹೊರುವ ಗೋಡೆಯನ್ನು ನಿಮ್ಮ ಖರ್ಚಿನಲ್ಲಿ ಕಟ್ಟಿಸಬೇಕು. ಅದು ಆಗುವ ತನಕ ನಿಮ್ಮ ಪತ್ರಕ್ಕೆ ನನ್ನ ಸಹಿ ಇಲ್ಲ. ನಿಮ್ಮ ಕೋಣೆಯಲ್ಲಿ ನಿಂತಿರುವುದನ್ನು ನನ್ನ ಕೃತಿಯೆಂದು ನಾನು ಎಲ್ಲಿಯೂ ಒಪ್ಪಿಕೊಳ್ಳುವುದಿಲ್ಲ. ಆ ದೀಪದ ಕೆಳಗೆ ಸದ್ಯ ಇರುವುದು ಒಂದು ಅಟ್ಟದಿಂದ ಕಿತ್ತ ಆಸರೆ. ಇದರಿಂದ ಗ್ಯಾಲರಿಗಳ ಬಾಗಿಲು ನನಗೆ ಮುಚ್ಚಬಹುದೆಂದು ಬಲ್ಲೆ. ಅದರ ಭಯ ಈಗ ನನಗೆ ಬಹಳ ಚಿಕ್ಕದಾಗಿ ಕಾಣುತ್ತದೆ.

ಮೂವರೂ ತಂತಮ್ಮ ಹೊಣೆ ಯಾವುದು, ಅದನ್ನು ಯಾವಾಗ ನೆರವೇರಿಸುವಿರಿ ಎಂಬುದನ್ನು ಬರಹದಲ್ಲಿ ತಿಳಿಸಬೇಕೆಂದು ವಿನಂತಿಸುತ್ತೇನೆ. ಉತ್ತರವನ್ನು ನನಗೆ ಕಳಿಸುವ ಅಗತ್ಯವಿಲ್ಲ. ಅಂಗಳದ ಚಪ್ಪರದ ಕೆಳಗೆ ಕೂತ ಹೆಂಗಸರ ಎದುರು ನಿಂತು ಓದಿ ಹೇಳಿ. ಮಳೆ ಬೀಳುವ ಮೊದಲು ಬನ್ನಿ.